ಮೋರಿಯರ ಮನೆಯ ಬಾಗಿಲಲ್ಲಿ ಟೇಲರ್ ಸಾಹೇಬ

ಬೀದರ ನಗರವನ್ನು ಬಿಟ್ಟು ಉತ್ತರಕ್ಕೆ ನಡೆದು ಔರಾದ ಸೀಮೆಯನ್ನು ಹೊಕ್ಕರೆ ನಮ್ಮ ಠಾಣಾ ಕುಶನೂರ ಸಿಕ್ಕುತ್ತದೆ. ತನ್ನ ಹೆಸರಿನಲ್ಲಿಯೇ ಒಂದು ಚರಿತ್ರೆಯನ್ನು ಹೊತ್ತುಕೊಂಡಿರುವ ಊರು ಅದು. ಹೆಸರಿನ ಕೊನೆಯಲ್ಲಿರುವುದು ಅಚ್ಚಗನ್ನಡದ ಊರು. ಮುಂದೆ ಬಂದು ನಿಂತಿರುವ ಠಾಣಾ ಎಂಬುದು ಕಚೇರಿಯ ಹಿಂದುಸ್ತಾನಿ ಮಾತು. ಆ ಮಾತಿನ ಬೇರನ್ನು ಹುಡುಕುತ್ತ ಹೋದರೆ ಅದೂ ಸಂಸ್ಕೃತದ ಸ್ಥಾನ ಶಬ್ದದಲ್ಲಿ ಮುಟ್ಟುತ್ತದೆ. ಸಂತೆಯ ದಿನ ಆ ಊರಿನಲ್ಲಿ ನಿಂತರೆ ಕನ್ನಡ, ಮರಾಠಿ, ಉರ್ದು, ಲಂಬಾಣಿ ನಾಲ್ಕೂ ಒಂದೇ ತಕ್ಕಡಿಯ ಸುತ್ತ ಕೇಳಿಬರುತ್ತವೆ. ನನ್ನ ಅಜ್ಜಿ ಉದಗೀರದ ಕಡೆಯಿಂದ ಸೊಸೆಯಾಗಿ ಬಂದವಳು. ಕನ್ನಡದಲ್ಲಿ ಸಂಸಾರ ಮಾಡಿದಳು, ಮರಾಠಿಯಲ್ಲಿ ಲೆಕ್ಕ ಹಾಕಿದಳು. ಅದರಲ್ಲಿ ವಿಚಾರ ಮಾಡಬೇಕಾದದ್ದೇನಾದರೂ ಉಂಟೆಂದು ನಮ್ಮ ಮನೆಯಲ್ಲಿ ಯಾರಿಗೂ ತೋರಿರಲಿಲ್ಲ.

ವಿಚಾರ ಮಾಡಬೇಕಾದ ಸಂದರ್ಭ ಬಂದದ್ದು ಬಹಳ ತಡವಾಗಿ, ನನ್ನ ತರಗತಿಯಲ್ಲಿ. ದ್ರಾವಿಡ ಭಾಷೆಗಳ ಉಗಮವನ್ನು ಕುರಿತು ಪಾಠ ನಡೆದಿತ್ತು. ಈ ನೆಲದ ಮೂಲದವರು ಯಾರು, ಹೊರಗಿನಿಂದ ಬಂದವರು ಯಾರು ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಪ್ರಶ್ನೆ ಸಹಜವಾದದ್ದೇ. ಆದರೆ ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ತರಗತಿ ನಾಲ್ಕು ಪಾಳೆಯವಾಯಿತು. ಪ್ರತಿಯೊಬ್ಬನೂ ತನ್ನವರನ್ನು ಮೂಲದವರೆಂದೂ ಪಕ್ಕದ ಬೆಂಚಿನವರನ್ನು ವಲಸೆಗಾರರೆಂದೂ ಸಾಧಿಸತೊಡಗಿದ. ಹಿಂದಿನ ಸಾಲಿನಲ್ಲಿ ತಾಂಡಾದಿಂದ ಬರುವ ಹುಡುಗಿಯೊಬ್ಬಳು ಕುಳಿತಿದ್ದಳು. ಯಾರೋ ಅವಳ ಕಡೆಗೆ ತಿರುಗಿ ನಕ್ಕರು. ಅವಳು ತಲೆ ತಗ್ಗಿಸಿದಳು. ಗಂಟೆ ಬಾರಿಸಿತು. ಆ ನಗುವಿಗೆ ಉತ್ತರ ಹೇಳದೆಯೇ ನಾನು ಪುಸ್ತಕ ಮುಚ್ಚಿಕೊಂಡು ಹೊರಗೆ ಬಂದೆ. ಎರಡು ದಶಕಗಳ ಅಧ್ಯಾಪನದಲ್ಲಿ ಅಂದು ಪಟ್ಟಷ್ಟು ನಾಚಿಕೆಯನ್ನು ನಾನು ಮತ್ತೆಂದೂ ಪಡಲಿಲ್ಲ.

ಆ ಉತ್ತರವನ್ನು ಹುಡುಕುತ್ತ ಹೋದಾಗ ನನ್ನ ಕೈಗೆ ಬಂದದ್ದು ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ 1941ರಲ್ಲಿ ಮರುಮುದ್ರಣ ಮಾಡಿದ ಒಂದು ಗ್ರಂಥ. ಅದನ್ನು ಹೊರತರಿಸಿದವರು ಗುಲಾಮ್ ಯಜ್ದಾನಿ. ಬೀದರದ ಕೋಟೆ, ಮದರಸಾ, ಗೋರಿಗಳನ್ನು ಕುರಿತು 1947ರಲ್ಲಿ ಮಹಾಗ್ರಂಥವನ್ನು ಪ್ರಕಟಿಸಿ ನಮ್ಮ ಜಿಲ್ಲೆಯನ್ನು ಋಣಿಯನ್ನಾಗಿ ಮಾಡಿದ ವಿದ್ವಾಂಸರು. ಅವರು ಮರುಮುದ್ರಿಸಿದ ಆ ಲೇಖನಗಳು ದಕ್ಷಿಣದ ಬೃಹತ್ ಶಿಲಾ ಸಮಾಧಿಗಳನ್ನು ಕುರಿತವು. ಬರೆದವನು ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಠಗ್ಗನೊಬ್ಬನ ಆತ್ಮನಿವೇದನೆಯ ಕಾದಂಬರಿಕಾರನೆಂದು, ಸುರಪುರದ ಟೇಲರ್ ಸಾಹೇಬನೆಂದು ನಮ್ಮಲ್ಲಿ ಅನೇಕರು ಅವನನ್ನು ಬಲ್ಲರು. ಮನುಷ್ಯರ ಮೂಲವನ್ನು ಅರಸಿ ಭೀಮಾತೀರದ ಗೋರಿಗಳನ್ನು ಅಗೆದ ಟೇಲರನನ್ನು ಬಲ್ಲವರು ಕಡಿಮೆ. ನನಗೆ ಬೇಕಾದವನು ಅವನು.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ತಂದೆ ವ್ಯಾಪಾರಿ, ವ್ಯಾಪಾರ ಕೈಹಿಡಿಯಲಿಲ್ಲ. ಹುಡುಗ ಓದು ಮುಗಿಯುವ ಮೊದಲೇ ಲೆಕ್ಕದ ಮೇಜಿನ ಮುಂದೆ ಕುಳಿತ. ಹದಿನೈದನೆಯ ವಯಸ್ಸಿನಲ್ಲಿ, 1824ರಲ್ಲಿ, ಮುಂಬಯಿಯ ಒಬ್ಬ ವರ್ತಕನ ಬಳಿ ನೌಕರಿಗೆಂದು ಅವನನ್ನು ಹಡಗು ಹತ್ತಿಸಿದರು. ದೊಡ್ಡ ಕೋಠಿಯೆಂದು ನಂಬಿ ಬಂದು ನೋಡಿದರೆ ಅದು ಮುಳುಗುತ್ತಿದ್ದ ಅಂಗಡಿ. ಪರದೇಶದಲ್ಲಿ ದಿಕ್ಕುಗೆಟ್ಟ ಬಾಲಕನಿಗೆ ಸರಕಾರದಲ್ಲಿ ಅಧಿಕಾರಿಯಾಗಿದ್ದ ಬಂಧುವೊಬ್ಬರು ಒಂದು ದಾರಿ ತೋರಿಸಿದರು; ನಿಜಾಮರ ಸೇನೆಯಲ್ಲಿ ಕಿರಿಯ ಅಧಿಕಾರಿಯ ಹುದ್ದೆ ಸಿಕ್ಕಿತು.

ಈ ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಟೇಲರ್ ಕಂಪನಿ ಸರಕಾರದ ನೌಕರನಲ್ಲ, ನಿಜಾಮರ ಅನ್ನ ತಿಂದವನು. ಕಂಪನಿಯ ಬಿಳಿಯ ಅಧಿಕಾರಿಗಳ ಪಂಕ್ತಿಯಲ್ಲಿ ಅವನಿಗೆ ಕೊನೆಯ ಮಣೆ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹಿಂದುಸ್ತಾನಿ ಮಾತು, ಕಾಯಿದೆ, ಭೂಮಾಪನ, ಭೂಗರ್ಭಶಾಸ್ತ್ರ, ಚಿತ್ರಕಲೆ, ಎಲ್ಲವನ್ನೂ ಕುದುರೆಯ ಬೆನ್ನಿನ ಮೇಲೆ, ಡೇರೆಯ ದೀಪದ ಬೆಳಕಿನಲ್ಲಿ ತಾನೇ ಕಲಿತ. ಜನರನ್ನು ದುಭಾಷಿಯ ಮೂಲಕ ನೋಡದೆ ನೇರವಾಗಿ ನೋಡುವ ಅಭ್ಯಾಸ ಹೀಗೆ ಬಂತು. ಕೆಲಕಾಲ ಪೋಲೀಸು ಕೆಲಸ ಮಾಡುತ್ತ ಸದಾಶಿವಪೇಟೆ, ತುಳಜಾಪುರಗಳ ಸೀಮೆಯಲ್ಲಿ ತಿರುಗಾಡಿದ. ಮುಂದೆ ಠಗ್ಗರ ವಿಚಾರಣೆಗಳನ್ನು ಕಣ್ಣಾರೆ ಕಂಡು, ಅವರ ಬಾಯಿಂದಲೇ ಕಥೆ ಕೇಳಿ ಬರೆದ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಅವನ ಹೆಸರನ್ನು ಇಂಗ್ಲೆಂಡಿನ ಮನೆಮನೆಗೂ ಮುಟ್ಟಿಸಿತು.

ಅಷ್ಟರಲ್ಲಿ ಅವನ ಮದುವೆಯಾಗಿತ್ತು. ಹುಡುಗಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು, ಮೇರಿ. ಈ ಪಾಮರ್ ಮನೆತನದ ವಿಷಯ ಸ್ವಲ್ಪ ನಿಂತು ಹೇಳಬೇಕಾದದ್ದು. ವಿಲಿಯಂ ಪಾಮರನ ತಂದೆ ಇಂಗ್ಲಿಷರ ಸೇನಾಪತಿ. ತಾಯಿ ಫೈಜ್ ಬಕ್ಷ್ ಬೇಗಂ, ಉತ್ತರ ಹಿಂದುಸ್ತಾನದ ಕುಲೀನ ಮುಸಲ್ಮಾನ ಮನೆತನದವಳು. 1780ರ ದಶಕದ ಒಂದು ವರ್ಣಚಿತ್ರ ಇಂದಿಗೂ ಉಳಿದಿದೆ. ಕೆಂಪು ಅಂಗಿಯ ಸೇನಾಪತಿ, ಅವನ ಮಗ್ಗುಲಲ್ಲಿ ಬಂಗಾರದ ಆಭರಣಗಳನ್ನು ತೊಟ್ಟು ನೆಲದ ಮೇಲೆ ಕುಳಿತ ಬೇಗಂ, ಸುತ್ತಲೂ ಪುಟ್ಟ ಮಕ್ಕಳು. ಆ ಮಕ್ಕಳಲ್ಲಿ ಒಬ್ಬ ಬೆಳೆದು ಹೈದರಾಬಾದಿನ ಸಾಹುಕಾರನಾದ. ಸಂಸ್ಥಾನಕ್ಕೇ ಸಾಲ ಕೊಡುವಷ್ಟು ಬೆಳೆದು, ಬಳಿಕ ಕಂಪನಿಯ ಕೋಪಕ್ಕೆ ಸಿಕ್ಕಿ ಮುರಿದುಬಿದ್ದ. ಅವನ ಮಗಳನ್ನು ಟೇಲರ್ ಕೈಹಿಡಿದ. ಎಂದ ಮೇಲೆ ಟೇಲರನ ಹೆಣ್ಣುಮಕ್ಕಳ ಮೈಯಲ್ಲಿ ಹರಿದದ್ದು ಒಂದು ನಾಡಿನ ರಕ್ತವಲ್ಲ. ಲಿವರ್‌ಪೂಲಿನ ವ್ಯಾಪಾರಿಯೂ ಬೇಗಮಳೂ ಅವರಲ್ಲಿ ಕೂಡಿದ್ದರು. ಮೇರಿ ಬಹಳ ಕಾಲ ಬಾಳಲಿಲ್ಲ, 1844ರಲ್ಲಿ ತೀರಿಕೊಂಡಳು. ಟೇಲರ್ ಮತ್ತೆ ಮದುವೆಯಾಗಲಿಲ್ಲ.

ಹೆಂಡತಿಯನ್ನು ಕಳೆದುಕೊಂಡಾಗ ಅವನು ಸುರಪುರದಲ್ಲಿದ್ದ. ಕೃಷ್ಣಾ ಭೀಮಾ ನದಿಗಳ ನಡುವಣ ಬೇಡ ನಾಯಕರ ಆ ಸಂಸ್ಥಾನಕ್ಕೆ ಅವನನ್ನು ಕಳುಹಿಸಿದ್ದು 1841ರ ಸುಮಾರಿಗೆ. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ; ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ; ರಾಣಿ ಈಶ್ವರಮ್ಮನಿಗೂ ಅರಸುಮನೆಯ ಉಳಿದವರಿಗೂ ಜಗಳ; ನಿಜಾಮರಿಗೆ ಸಲ್ಲಬೇಕಾದ ಕಪ್ಪದ ಬಾಕಿ ಬೆಳೆದು ಬೆಟ್ಟವಾಗಿತ್ತು. ಅಂಥಲ್ಲಿ ಟೇಲರ್ ಹನ್ನೆರಡು ವರುಷ ಆಡಳಿತ ನಡೆಸಿದ. ದಾರಿ ಮಾಡಿಸಿದ, ಕೆರೆ ಕಟ್ಟಿಸಿದ, ಲೆಕ್ಕವನ್ನು ತಹಬಂದಿಗೆ ತಂದ. ಊರ ಮೇಲಿನ ಗುಡ್ಡದ ನೆತ್ತಿಯಲ್ಲಿ ಒಂದು ಬಂಗಲೆ ಕಟ್ಟಿಸಿಕೊಂಡು, ರಾತ್ರಿ ದುರ್ಬೀನಿನಿಂದ ನಕ್ಷತ್ರ ನೋಡುತ್ತಿದ್ದ. ಟೇಲರ್ ಮಂಜಿಲ್ ಎಂದು ಸುರಪುರದವರು ಅದನ್ನು ಇಂದಿಗೂ ಕರೆಯುತ್ತಾರೆ. ತಂದೆಯಿಲ್ಲದ ಬಾಲಕ ರಾಜ ಅವನನ್ನು ಅಪ್ಪ ಎಂದು ಕರೆದ. ಬೇಡರ ಅರಸುಮಗನಿಗೆ ಲಿವರ್‌ಪೂಲಿನವನು ಅಪ್ಪನಾದ ಈ ಸಂಬಂಧ ಮುಂದೆ ಟೇಲರನ ಬಾಳಿನ ದೊಡ್ಡ ದುಃಖಕ್ಕೆ ಕಾರಣವಾಯಿತು.

ಸುರಪುರದ ಸೀಮೆಯಲ್ಲಿ ತಿರುಗುವಾಗ ಟೇಲರನ ಕಣ್ಣಿಗೆ ವಿಚಿತ್ರವಾದ ಕಲ್ಲಿನ ರಚನೆಗಳು ಬಿದ್ದವು. ಎಲ್ಲಿಯೋ ಗುಂಡುಗಳನ್ನು ಬಳೆಯ ಹಾಗೆ ಜೋಡಿಸಿ ನಡುವೆ ಕಲ್ಲು ಪೇರಿಸಿದ್ದರು. ರಾಜನಕೊಳೂರಿನಂಥ ಕಡೆ ಮೂರು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿ ಮನೆ ಮಾಡಿದ್ದರು. ವಿಭೂತಿಹಳ್ಳಿಯಲ್ಲಿ ಮಹಾಗಾತ್ರದ ಗುಂಡುಗಳನ್ನು ಸಾಲುಸಾಲಾಗಿ ಇಟ್ಟಿದ್ದರು. ಹಳ್ಳಿಯವರನ್ನು ಕೇಳಿದರೆ ಅವು ಮೋರಿಯರ ಮನೆಗಳೆಂಬ ಉತ್ತರ. ಮೋರಿಯರು ಗೇಣುದ್ದದ ಕುಳ್ಳರಂತೆ, ಆದರೆ ಬಲದಲ್ಲಿ ಭೀಮರಂತೆ. ಬಂಡೆಗಳನ್ನು ಹೊತ್ತು ತಂದು ಮನೆ ಕಟ್ಟಿಕೊಂಡರಂತೆ. ನಾನು ಬಾಲ್ಯದಲ್ಲಿ ಬೇರೆ ರೂಪದಲ್ಲಿ ಕೇಳಿದ ಕಥೆಯೂ ಇದೇ. ತನಗಿಂತ ಮೊದಲು ಈ ನೆಲದಲ್ಲಿದ್ದವನನ್ನು ಊಹಿಸಿಕೊಳ್ಳುವಾಗ ಮನುಷ್ಯ ಅವನನ್ನು ರಾಕ್ಷಸನನ್ನಾಗಿಯೋ ಕುಳ್ಳನನ್ನಾಗಿಯೋ ಮಾಡುತ್ತಾನೆಯೇ ಹೊರತು ತನ್ನಂಥವನೆಂದು ಒಪ್ಪುವುದಿಲ್ಲ.

ಟೇಲರನಿಗೆ ಕಥೆಯಿಂದ ತೃಪ್ತಿಯಾಗಲಿಲ್ಲ. ನಲವತ್ತು ದಾಟಿದ ವಯಸ್ಸು; ನನ್ನ ಇಂದಿನ ವಯಸ್ಸೇ. ಭೀಮೆಯ ದಡದಲ್ಲಿ ಫಿರೋಜಾಬಾದಿನ ಹಾಳುಕೋಟೆಗೆ ಸಮೀಪದ ಜೇವರ್ಗಿಯಲ್ಲಿ ಕಲ್ಲುಬಳೆಗಳ ಒಂದು ದೊಡ್ಡ ಸ್ಮಶಾನವನ್ನೇ ಕಂಡು ಅಗೆಸಲು ನಿಂತ. ಆ ಕಾಲದಲ್ಲಿ ಹಳೆಯ ಗೋರಿ ಅಗೆಯುವುದೆಂದರೆ ಭಾರತದಲ್ಲಾಗಲಿ ಯೂರೋಪಿನಲ್ಲಾಗಲಿ ನಿಧಿಗಾಗಿ ಬಾವಿ ತೋಡಿದ ಹಾಗೆ. ಮೇಲಿನಿಂದ ಕೊರೆದು ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುವುದು. ಟೇಲರ್ ಹಾಗೆ ಮಾಡಲಿಲ್ಲ. ಸಮಾಧಿಯನ್ನು ಅಡ್ಡಲಾಗಿ ಸೀಳಿಸಿದ. ಮೇಲಿನ ಕಲ್ಲಿನ ರಾಶಿ, ಅದರ ಕೆಳಗಿನ ಮಣ್ಣಿನ ಪದರಗಳು, ಅವುಗಳ ಬಣ್ಣ, ಎಲುಬುಗಳು ಬಿದ್ದ ದಿಕ್ಕು, ಮಡಕೆಗಳು ಕುಳಿತ ಜಾಗ, ಎಲ್ಲವನ್ನೂ ಅಳೆದು, ಹೆಚ್ಚಿದ ಹಣ್ಣಿನ ಒಳಭಾಗವನ್ನು ತೋರಿಸುವಂತೆ ಸೀಳುನಕ್ಷೆಗಳನ್ನು ಬರೆದ. ಒಳಗೆ ಸಿಕ್ಕಿದ್ದು ಕಪ್ಪು ಕೆಂಪು ಬಣ್ಣದ ನಯವಾದ ಮಡಕೆಗಳು, ಕಬ್ಬಿಣದ ಭರ್ಜಿಯ ಮೊನೆಗಳು ಮತ್ತು ಮನುಷ್ಯರ ಎಲುಬುಗಳು. ಎಲುಬುಗಳು ಸಾಧಾರಣ ಮನುಷ್ಯರವೇ. ಮೋರಿಯರು ಕುಳ್ಳರಾಗಿರಲಿಲ್ಲ.

ಅವನ ಮೊದಲ ಲೇಖನಗಳು 1850ರ ದಶಕದ ಆರಂಭದಲ್ಲಿ ಮುಂಬಯಿಯ ರಾಯಲ್ ಏಷ್ಯಾಟಿಕ್ ಸೊಸೈಟಿ ಶಾಖೆಯ ಪತ್ರಿಕೆಯಲ್ಲಿ ಅಚ್ಚಾದವು. ಒಂದು ಶತಮಾನ ಕಳೆದ ಮೇಲೆ, ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವೀಲರ್ ಉತ್ಖನನ ವಿದ್ಯೆಯನ್ನು ಕುರಿತು 1954ರಲ್ಲಿ ಪುಸ್ತಕ ಬರೆದಾಗ, ಟೇಲರನ ಸೀಳುನಕ್ಷೆಗಳನ್ನು ಎತ್ತಿ ತೋರಿಸಿ ಮೆಚ್ಚಿಕೊಂಡ. ಮುಂದೆ ಬಂದ ಎಷ್ಟೋ ವೃತ್ತಿನಿರತ ಪಂಡಿತರಿಗೆ ಸಾಧಿಸದ ಶಿಸ್ತನ್ನು ಕಂದಾಯ ವಸೂಲಿಯ ನಡುವೆ ಬಿಡುವು ಮಾಡಿಕೊಂಡ ಒಬ್ಬ ಅಧಿಕಾರಿ ಸಾಧಿಸಿದ್ದ.

ಆದರೆ ಕಣ್ಣಿನ ಕೆಲಸ ಮುಗಿದು ಊಹೆಯ ಕೆಲಸ ತೊಡಗಿದ ಕೂಡಲೆ ಟೇಲರ್ ದಾರಿ ತಪ್ಪಿದ. ಅವನ ನಾಡಿನಲ್ಲಿಯೂ ಇಂಥ ಕಲ್ಮನೆಗಳಿದ್ದವು. ಅವು ಕೆಲ್ಟಿಕ್ ಜನರ ಪುರೋಹಿತರಾದ ಡ್ರೂಯಿಡರ ಕೃತಿಗಳೆಂದು ಅಲ್ಲಿ ನಂಬಿದ್ದರು. ಇಲ್ಲಿಯವೂ ಅಲ್ಲಿಯವೂ ಅಣ್ಣತಮ್ಮಂದಿರ ಹಾಗಿವೆ. ಎಂದ ಮೇಲೆ ಕಟ್ಟಿದವರೂ ಒಂದೇ ಕುಲದವರಾಗಿರಬೇಕಷ್ಟೆ! ಮಧ್ಯ ಏಷ್ಯದ ಹುಲ್ಲುಗಾವಲಿನಲ್ಲಿ ಸಿಥಿಯನ್ ಜನ ಇದ್ದರು, ಅವರ ಒಂದು ಕವಲು ಪಶ್ಚಿಮಕ್ಕೂ ಇನ್ನೊಂದು ದಕ್ಷಿಣಾಪಥಕ್ಕೂ ಹರಿದು ಬಂದಿತು, ಎಂದು ಅವನ ತರ್ಕ. ತಲೆ ಬೇರೆ ಮೈ ಬೇರೆಯಾಗಿದ್ದ ಎಲುಬುಗಳನ್ನು ಕಂಡು ನರಬಲಿಯನ್ನೂ ಊಹಿಸಿದ. ನಿವೃತ್ತನಾಗಿ ಡಬ್ಲಿನ್ ನಗರದ ಬಳಿ ನೆಲೆಸಿದ ಮೇಲೆ, 1860ರ ದಶಕದಲ್ಲಿ, ಅಲ್ಲಿನ ರಾಯಲ್ ಐರಿಷ್ ಅಕಾಡೆಮಿಗೆ ಒಪ್ಪಿಸಿದ ದೀರ್ಘ ಪ್ರಬಂಧದ ಶೀರ್ಷಿಕೆಯಲ್ಲಿಯೇ ದಖ್ಖನಿನ ಈ ಕಲ್ಲುಗಳನ್ನು ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್ ಸ್ಮಾರಕಗಳೆಂದು ಕರೆದ. ಎಲ್ಲವೂ ಎಲ್ಲಿಂದಲೋ ಬಂದಿರಬೇಕು, ಬಂದವರು ಒಂದೇ ಜನವಾಗಿರಬೇಕು, ಇಲ್ಲಿದ್ದವರು ಮಾಡಿರಲಾರರು. ಇದು ಆ ಶತಮಾನದ ಕನ್ನಡಕ. ಅದನ್ನು ಕಳಚಿ ನೋಡಲು ಅವನಿಂದಲೂ ಆಗಲಿಲ್ಲ.

ಆ ಪ್ರಬಂಧಕ್ಕೂ ಅಗೆತಕ್ಕೂ ನಡುವೆ ಸುರಪುರದ ದುರಂತ ನಡೆದುಹೋಗಿತ್ತು. 1853ರಲ್ಲಿ ವೆಂಕಟಪ್ಪ ನಾಯಕ ಪ್ರಾಪ್ತವಯಸ್ಕನಾಗಿ ಪಟ್ಟವೇರಿದ. ಟೇಲರ್ ನಳದುರ್ಗದ ಆಡಳಿತಕ್ಕೆ ಹೋದ. ಅಪ್ಪ ಎಂದು ಕರೆಯುತ್ತಿದ್ದವನು ದೂರವಾದ ಮೇಲೆ ಯುವಕ ರಾಜನ ಸುತ್ತ ಬೇರೆ ಸಲಹೆಗಾರರು ಸೇರಿದರು. 1857ರ ದಂಗೆಯ ಗಾಳಿ ದಕ್ಷಿಣಕ್ಕೂ ಬೀಸಿತು. 1858ರ ಫೆಬ್ರವರಿಯಲ್ಲಿ ಸುರಪುರ ಇಂಗ್ಲಿಷರ ಪಡೆಯ ಮೇಲೆ ಕತ್ತಿ ಎತ್ತಿತು. ಕೋಟೆ ಉಳಿಯಲಿಲ್ಲ. ರಾಜ ಹೈದರಾಬಾದಿನಲ್ಲಿ ಸೆರೆಸಿಕ್ಕಿದ. ಅವನ ಬಾಯಿ ಬಿಡಿಸಲೆಂದು ರೆಸಿಡೆಂಟನು ಟೇಲರನನ್ನು ಕರೆಸಿದ. ಸೆರೆಮನೆಯಲ್ಲಿ ಆ ತರುಣ ತಾನು ಬಾಲ್ಯದಲ್ಲಿ ಅಪ್ಪನೆಂದು ಕರೆದವನನ್ನು ಅಪ್ಪಿಕೊಂಡು ಅತ್ತ; ನಾಯಿಯಂತೆ ನೇಣಿಗೆ ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಿರಿ ಎಂದು ಬೇಡಿಕೊಂಡ; ತನ್ನ ಜೊತೆಯವರ ಹೆಸರನ್ನು ಮಾತ್ರ ಹೇಳಲಿಲ್ಲ. ಮರಣದಂಡನೆ ಕೊನೆಗೆ ಚೆಂಗಲ್‌ಪೇಟೆಯ ಸೆರೆವಾಸಕ್ಕೆ ಇಳಿಯಿತು. ಅಲ್ಲಿಗೆ ಹೋಗುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಪಿಸ್ತೂಲಿನ ಗುಂಡಿನಿಂದ ರಾಜನ ಪ್ರಾಣ ಹೋಯಿತು.

ಟೇಲರ್ ಕಮೀಷನರನಾಗಿ ಸುರಪುರಕ್ಕೆ ಮತ್ತೆ ಬಂದ. ಬಂದದ್ದು ದೊರೆಯಿಲ್ಲದ ಊರಿಗೆ. ಹನ್ನೆರಡು ವರುಷ ತಾನು ಸಾಕಿ ಬೆಳೆಸಿದ ಸಂಸ್ಥಾನವನ್ನು ಸರಕಾರದ ದಫ್ತರದಲ್ಲಿ ಒಂದು ಜಿಲ್ಲೆಯಾಗಿ ಬರೆಯಿಸುವ ಕೆಲಸ ಅವನ ಪಾಲಿಗೆ ಬಂತು. ಅವನನ್ನು ಇಲ್ಲಿ ಸುಮ್ಮನೆ ಹೊಗಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವನ ಪ್ರೀತಿ ನಿಜವಾದದ್ದು. ಅವನು ಸೇವೆ ಮಾಡಿದ ಅಧಿಕಾರ ಆ ಪ್ರೀತಿಗಿಂತ ದೊಡ್ಡದಾಗಿತ್ತು. ಎರಡರ ನಡುವೆ ನಿಂತವನು ಮುರಿದುಬಿದ್ದ. 1860ರಲ್ಲಿ ಆರೋಗ್ಯ ಕೆಟ್ಟು ಭಾರತವನ್ನು ಬಿಟ್ಟ. ಆಮೇಲೆ ಬರೆದ ತಾರಾ, ರಾಲ್ಫ್ ಡಾರ್ನೆಲ್, ಸೀತಾ ಮೊದಲಾದ ಕಾದಂಬರಿಗಳಲ್ಲಿ ಅವನು ಮತ್ತೆ ಮತ್ತೆ ತಿರುಗಿದ್ದು ಈ ನೆಲಕ್ಕೇ. ಸೀತಾ ಕಾದಂಬರಿಯಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. 1872ರಲ್ಲಿ, ದಂಗೆಯ ಕಹಿ ಇನ್ನೂ ಆರದಿರುವಾಗ, ಹಾಗೆ ಬರೆಯುವುದಕ್ಕೆ ಧೈರ್ಯ ಬೇಕಾಗಿತ್ತು. ಪಾಮರ್ ಮನೆತನದ ಅಳಿಯನಿಗೆ ಆ ಧೈರ್ಯ ಮನೆಯಿಂದಲೇ ಬಂದಿರಬೇಕು.

1875ರಲ್ಲಿ, ಅರವತ್ತೇಳರ ಇಳಿವಯಸ್ಸಿನಲ್ಲಿ, ಸಾಲಾರ್ ಜಂಗರ ಆಹ್ವಾನದ ಮೇರೆಗೆ ಹೈದರಾಬಾದನ್ನು ನೋಡಲು ಮತ್ತೊಮ್ಮೆ ಬಂದ. ಜ್ವರ ಹಿಡಿಯಿತು, ಕಣ್ಣು ಹೋಯಿತು. ಮಣ್ಣಿನ ಪದರದ ಬಣ್ಣಗಳನ್ನು ಗುರುತಿಸಿದ್ದ ಕಣ್ಣುಗಳು ಅವು. ಮರಳಿ ಹೋಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟೋನ್ ಊರಿನಲ್ಲಿ ಟೇಲರ್ ತೀರಿಕೊಂಡ. ಅವನ ಆತ್ಮಕಥೆಯನ್ನು ಮಗಳು ಆಲಿಸ್ ಸಿದ್ಧಪಡಿಸಿ ಮರುವರುಷ ಪ್ರಕಟಿಸಿದಳು.

ಇಲ್ಲಿಗೆ ಅವನ ಬಾಳು ಮುಗಿಯಿತು. ಅವನು ಕೇಳಿದ ಪ್ರಶ್ನೆ ಮುಗಿಯಲಿಲ್ಲ. ಬ್ರಹ್ಮಗಿರಿ, ಮಸ್ಕಿ, ಹಳ್ಳೂರುಗಳ ಉತ್ಖನನಗಳಿಂದ ಒಂದು ಮಾತು ಸ್ಪಷ್ಟವಾಯಿತು. ನಮ್ಮ ಬೃಹತ್ ಶಿಲಾ ಸಮಾಧಿಗಳು ಸುಮಾರು ಕ್ರಿ.ಪೂ. 1200ರಿಂದ ಈಚಿನವು. ಐರ್ಲೆಂಡಿನ ನ್ಯೂಗ್ರೇಂಜಿನ ಮಹಾಸಮಾಧಿಯಾದರೋ ಕ್ರಿ.ಪೂ. 3200ರ ಸುಮಾರಿನದು. ಎರಡರ ನಡುವೆ ಎರಡು ಸಾವಿರ ವರುಷಗಳ ಕಂದಕ. ನ್ಯೂಗ್ರೇಂಜ್ ಇರುವುದು ಟೇಲರ್ ಪ್ರಬಂಧ ಒಪ್ಪಿಸಿದ ಡಬ್ಲಿನ್ನಿಗೆ ಬಹಳ ದೂರವೇನೂ ಅಲ್ಲ. ಅಲ್ಲಿನ ಎಲುಬುಗಳ ವಂಶವಾಹಿಗಳನ್ನು 2020ರಲ್ಲಿ ಓದಿದಾಗ, ಕಟ್ಟಿದವರು ಕೆಲ್ಟಿಕ್ ಜನರೂ ಅಲ್ಲ, ಸಿಥಿಯನ್ನರೂ ಅಲ್ಲ. ಇಂದಿನ ತುರ್ಕಿಯ ಕಡೆಯಿಂದ ಹಲವು ತಲೆಮಾರುಗಳಲ್ಲಿ ಯೂರೋಪಿಗೆ ಹಬ್ಬಿದ ರೈತರ ಸಂತತಿ ಎಂದು ತಿಳಿಯಿತು. ನಮ್ಮ ಕಲ್ಲುಗಳಿಗೂ ಅವರಿಗೂ ಸಂಬಂಧವಿಲ್ಲ. ಸತ್ತವರನ್ನು ಮರೆಯಲಾರದ ಮನುಷ್ಯನಿಗೆ ಕೈಗೆ ಸಿಕ್ಕುವ ಶಾಶ್ವತ ವಸ್ತು ಕಲ್ಲು; ಎರಡು ಕಲ್ಲು ನಿಲ್ಲಿಸಿ ಮೇಲೊಂದನ್ನು ಹೊದಿಸುವ ಬುದ್ಧಿ ಎರಡು ನಾಡುಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಬಲ್ಲದು. ಬಿಡಿಯಾದ ತಲೆಬುರುಡೆಗಳಿಗೂ ನರಬಲಿ ಬೇಕಾಗಿಲ್ಲ. ದೇಹವನ್ನು ಬೇರೆಡೆ ಇರಿಸಿ, ಬಳಿಕ ಎಲುಬುಗಳನ್ನಷ್ಟೇ ಆರಿಸಿ ತಂದು ಹೂಳುವ ಪದ್ಧತಿ ಅಂದು ಬಳಕೆಯಲ್ಲಿತ್ತು.

ಹಾಗಾದರೆ ಮೋರಿಯರು ಎಲ್ಲಿಂದ ಬಂದರು? ಅವರಿಗಿಂತ ಮೊದಲು, ಕ್ರಿ.ಪೂ. 3000ದ ಈಚೆಗೆ, ಇದೇ ಸೀಮೆಯಲ್ಲಿ ದನ ಸಾಕಿ ಬೂದಿದಿಬ್ಬಗಳನ್ನು ಬಿಟ್ಟುಹೋದ ಜನ ಇದ್ದರು. ಸುರಪುರದ ಮಗ್ಗುಲಿನ ಬೂದಿಹಾಳದಲ್ಲಿ ಅಂಥ ನೆಲೆಯನ್ನು ಕೆ. ಪದ್ದಯ್ಯನವರು ಅಗೆದು ತೋರಿಸಿದ್ದಾರೆ. ಆ ದನಗಾಹಿಗಳ ಕಾಲದ ಕೊನೆಯೂ ಕಬ್ಬಿಣದವರ ಕಾಲದ ಮೊದಲೂ ಹಳ್ಳೂರಿನಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಜನ ಬಂದು ಇನ್ನೊಂದನ್ನು ಅಳಿಸಿದ ಗುರುತು ಅಲ್ಲಿಲ್ಲ. ಅವರ ಅನ್ನವೂ ಬೆರಕೆಯದೇ. ಹುರುಳಿ, ಹೆಸರು, ಕೊರಲೆ ಈ ನೆಲದಲ್ಲಿಯೇ ಪಳಗಿದವು. ಗೋದಿ, ಜವೆ ವಾಯವ್ಯದಿಂದ ಬಂದವು. ಬೀದರ ಸೀಮೆಯಲ್ಲಿ ನಾವು ರೊಟ್ಟಿ ತಟ್ಟುವ ಜೋಳ ಆಫ್ರಿಕದಿಂದ ಬಂದದ್ದು. ಅದಿಲ್ಲದ ನಮ್ಮ ಮೂಲದ ಊಟವನ್ನು ಇಂದು ಯಾರು ಊಹಿಸಿಕೊಳ್ಳಬಲ್ಲರು?

ಮನುಷ್ಯರ ವಿಷಯವನ್ನು ಹೇಳುವ ಶಾಸ್ತ್ರ ಈಗ ಬೇರೆ ಬೆಳೆದಿದೆ. ಪ್ರತಿಯೊಂದು ಜೀವಕೋಶದಲ್ಲಿಯೂ ತಂದೆತಾಯಿಗಳಿಂದ ಬಂದ ಡಿ.ಎನ್.ಎ. ಎಂಬ ಉದ್ದನೆಯ ಎಳೆಯಿದೆ. ಅದು ಪೂರ್ವಜರು ಬರೆದಿಟ್ಟ ಓಲೆಗರಿ. ಟೇಲರನ ಊರಾಗಿದ್ದ ಹೈದರಾಬಾದಿನಲ್ಲಿಯೇ ಇರುವ ಕೋಶೀಯ ಮತ್ತು ಆಣ್ವಿಕ ಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಅಮೆರಿಕದವರೊಡನೆ ಸೇರಿ 2009ರಲ್ಲಿ ಭಾರತದ 25 ಸಮುದಾಯಗಳ 132 ಜನರ ಈ ಓಲೆಯನ್ನು ಓದಿದರು. ಮೇಲಿನ ಜಾತಿಯೆಂದಾಗಲಿ ಕೆಳಗಿನ ಜಾತಿಯೆಂದಾಗಲಿ, ಕಾಡಿನವರೆಂದಾಗಲಿ ನಾಡಿನವರೆಂದಾಗಲಿ ಭೇದವಿಲ್ಲದೆ, ಭಾರತದ ಮುಖ್ಯ ಭೂಮಿಯ ಬಹುತೇಕ ಎಲ್ಲರೂ ಎರಡು ಪ್ರಾಚೀನ ಪ್ರವಾಹಗಳ ಮಿಶ್ರಣವೆಂದು ಕಂಡುಬಂತು. ಬೆರೆತ ಪ್ರಮಾಣ ಮಾತ್ರ ಹೆಚ್ಚು ಕಡಿಮೆ. ಆ ಬೆರಕೆ ನಡೆದ ಕಾಲವನ್ನು 2013ರಲ್ಲಿ ಲೆಕ್ಕ ಹಾಕಿದರು: ಇಂದಿಗೆ ಸುಮಾರು 4200ರಿಂದ 1900 ವರುಷಗಳ ಹಿಂದೆ. ಮೋರಿಯರ ಕಲ್ಲುಗಳು ಏಳುತ್ತಿದ್ದ ಶತಮಾನಗಳೂ ಇದರೊಳಗೇ ಸೇರುತ್ತವೆ. ಆಮೇಲೆ ಜಾತಿಗಳ ಬಾಗಿಲು ಮುಚ್ಚಿ, ಒಳಗೊಳಗೇ ಮದುವೆಯಾಗುವ ಪದ್ಧತಿ ಗಟ್ಟಿಯಾಯಿತು. ಬೇರೆಯೆಂದು ನಾವು ಬೀಗುವುದು ಈಚಿನ ಅಭ್ಯಾಸ; ಬೆರೆತದ್ದು ಅದಕ್ಕಿಂತ ಹಳೆಯದು.

2019ರಲ್ಲಿ ಹರಿಯಾಣದ ರಾಖಿಗಢಿಯ ಸಿಂಧೂ ನಾಗರಿಕತೆಯ ಹೆಣ್ಣೊಬ್ಬಳ ಓಲೆಯೂ, ಮಧ್ಯ ಏಷ್ಯ ಮತ್ತು ವಾಯವ್ಯ ಸೀಮೆಗಳ 523 ಪ್ರಾಚೀನರ ಓಲೆಗಳೂ ಓದಲ್ಪಟ್ಟಾಗ ಚಿತ್ರ ಇನ್ನಷ್ಟು ತಿಳಿಯಾಯಿತು. ಐವತ್ತು ಸಾವಿರ ವರುಷಗಳಿಗೂ ಹಿಂದೆ ಆಫ್ರಿಕವನ್ನು ಬಿಟ್ಟುಬಂದು ಇಲ್ಲಿ ನೆಲೆಸಿದ ಬೇಟೆಗಾರರು ಮೊದಲಿನವರು, ಪ್ರಾಚೀನ ಇರಾನಿನ ಜನರಿಗೆ ಸಂಬಂಧಪಟ್ಟವರು ಅವರೊಡನೆ ಬೆರೆತರು, ಕ್ರಿ.ಪೂ. 2000ದ ಈಚೆಗೆ ಹುಲ್ಲುಗಾವಲಿನ ದನಗಾಹಿಗಳ ಪ್ರವಾಹವೊಂದು ಉತ್ತರದಿಂದ ಬಂದು ಸೇರಿತು. ನಮ್ಮ ಬಿಸಿಲಿನ ಮಣ್ಣಿನಲ್ಲಿ ಎಲುಬಿನೊಳಗಿನ ಓಲೆ ಬೇಗ ಸುಟ್ಟುಹೋಗುತ್ತದೆ. ಕಿವಿಯ ಒಳಗಿನ ಗಟ್ಟಿಯಾದ ಮೂಳೆಯಲ್ಲಿ ಮಾತ್ರ ಒಮ್ಮೊಮ್ಮೆ ಉಳಿದಿರುತ್ತದೆ. ಆದ್ದರಿಂದ ಸಮಾಧಿಗಳನ್ನು ಅಗೆಯುವವನು ಯಾವ ಎಲುಬು ಎಲ್ಲಿತ್ತು, ಹೇಗಿತ್ತು ಎಂದು ಬರೆದಿಡುವುದು ಇಂದು ಎಂದಿಗಿಂತಲೂ ಮುಖ್ಯ. ಟೇಲರ್ ಅದನ್ನು ಯಾರೂ ಹೇಳಿಕೊಡದೆ ಮಾಡಿದ. ಅವನ ಸಿದ್ಧಾಂತ ಸತ್ತಿತು, ಅವನ ನಕ್ಷೆಗಳು ಬದುಕಿವೆ. ಅವನ ತಪ್ಪನ್ನು ತಿದ್ದಲು ಬೇಕಾದ ಸಾಧನವನ್ನು ಅವನೇ ಬಿಟ್ಟುಹೋದ. ವಿದ್ವಾಂಸನಾದವನು ಇದಕ್ಕಿಂತ ಹೆಚ್ಚಿನ ಪ್ರಾಮಾಣಿಕತೆಯನ್ನು ತೋರಿಸಲಾರ.

ನನಗೆ ಮತ್ತೆ ಮತ್ತೆ ನೆನಪಾಗುವುದು ಇನ್ನೊಂದು. ಒಂದೇ ಮೂಲದ, ಒಂದೇ ಕುಲದ ಜನವನ್ನು ಅರಸಿ ಅವನು ಭೀಮಾತೀರದ ಗೋರಿಗಳಿಗೆ ಇಳಿದ. ಪ್ರಶ್ನೆಗೆ ಉತ್ತರ ಅವನ ಮನೆಯಲ್ಲಿಯೇ ಇತ್ತು. ಫೈಜ್ ಬಕ್ಷಳ ಮೊಮ್ಮಗಳನ್ನು ಮದುವೆಯಾದವನಿಗೆ, ಬೇಡರ ಬಾಲಕನಿಂದ ಅಪ್ಪ ಎನಿಸಿಕೊಂಡವನಿಗೆ, ಜನ ಎಂಬುದು ಬಂದು ಇಳಿಯುವ ವಸ್ತುವಲ್ಲ, ಕೂಡಿ ಆಗುವ ವಸ್ತುವೆಂದು ಬಾಳು ಕಲಿಸಿತ್ತು. ಬಾಳಿಗೆ ತಿಳಿದದ್ದು ಪ್ರಬಂಧಕ್ಕೆ ತಿಳಿಯಲಿಲ್ಲ. ಅವನನ್ನು ದೂರಲು ನನಗೆ ಅಧಿಕಾರವಿಲ್ಲ. ನನ್ನ ಅಜ್ಜಿ ಮರಾಠಿಯಲ್ಲಿ ಎಣಿಸುತ್ತಿದ್ದುದನ್ನು ಕೇಳುತ್ತ ಬೆಳೆದ ನಾನೂ ತರಗತಿಯಲ್ಲಿ ಅಂದು ಬಾಯಿ ಮುಚ್ಚಿಕೊಂಡಿದ್ದೆ.

ಮುಂದಿನ ವಾರ ಮೊದಲು ಮಾಡಿದ ಕೆಲಸವೆಂದರೆ ಆ ಪಾಠವನ್ನು ಮತ್ತೆ ಎತ್ತಿಕೊಂಡದ್ದು. ಟೇಲರನ ಕಥೆಯನ್ನು, ಕಲ್ಲುಗಳ ಕಥೆಯನ್ನು, ಓಲೆಗಳ ಕಥೆಯನ್ನು ಹೇಳಿದೆ. ಬೀದರದ ಹಬ್ಶಿ ಕೋಟದಲ್ಲಿ ಮಲಗಿರುವ ಆಫ್ರಿಕದವರನ್ನೂ, ಗೀಲಾನಿನಿಂದ ಬಂದು ಇಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನನನ್ನೂ, ದಿಕ್ಕುದಿಕ್ಕುಗಳಿಂದ ಕಲ್ಯಾಣಕ್ಕೆ ನಡೆದುಬಂದ ಶರಣರನ್ನೂ ನೆನಪಿಸಿದೆ. ಪ್ರಶ್ನೆ ಕೇಳಿದ್ದ ವಿದ್ಯಾರ್ಥಿ, ಹಾಗಾದರೆ ನಾವೆಲ್ಲರೂ ಹೊರಗಿನವರೇ ಎಂದು ತುಸು ನಿರಾಶೆಯಿಂದ ಕೇಳಿದ. ಹಾಗಲ್ಲ, ಎಲ್ಲರೂ ಒಳಗಿನವರೇ, ಮುಂಚೆ ಹಿಂಚೆ ಬಂದವರು ಮಾತ್ರ ಎಂದೆ. ಹಿಂದಿನ ಸಾಲಿನ ಹುಡುಗಿ ಅಂದು ತಲೆ ತಗ್ಗಿಸಲಿಲ್ಲ. ಬರೆದುಕೊಳ್ಳುತ್ತಿದ್ದವಳು ಲೇಖನಿಯನ್ನು ನಿಲ್ಲಿಸಿ, ಆ ಕಲ್ಮನೆಗಳನ್ನು ಈಗಲೂ ನೋಡಬಹುದೇ ಎಂದು ಕೇಳಿದಳು. ರಜೆಯಲ್ಲಿ ತರಗತಿಯನ್ನೆಲ್ಲ ಸುರಪುರದ ಕಡೆಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದ್ದೇವೆ.